ಭೂಕುಸಿತದ ಬರಹಗಳು ಮತ್ತು ಮನೆವಾರ್ತೆಯ ಮುನ್ನೆಚ್ಚರಿಕೆ: ಒಂದು ವಿಮರ್ಶೆ

ಭೂಕುಸಿತವನ್ನು ಕುರಿತು ನಮ್ಮ ದೇಶದಲ್ಲಿ ಹುಟ್ಟಿರುವ ಬರವಣಿಗೆಯನ್ನು ಸ್ಥೂಲವಾಗಿ ಎರಡು ವರ್ಗಗಳಾಗಿ ವಿಂಗಡಿಸಬಹುದು. ಭೂವಿಜ್ಞಾನಿಗಳೂ ಸರ್ಕಾರದ ಮಂಡಲಿಗಳೂ ಸಿದ್ಧಪಡಿಸಿದ ವರದಿ, ಭೂಪಟ, ಮಾರ್ಗಸೂಚಿಗಳು ಮೊದಲನೆಯ ವರ್ಗ. ಮಳೆಗಾಲಕ್ಕೆ ಮುಂಚೆ ಜನರಿಗೆ ಹಂಚುವ ಎಚ್ಚರಿಕೆಯ ಕರಪತ್ರಗಳು ಎರಡನೆಯದು. ಮೊದಲನೆಯವು ಬೆಟ್ಟ ಏಕೆ ಕುಸಿಯುತ್ತದೆಂಬುದನ್ನು ನಿರೂಪಿಸುತ್ತವೆ. ಎರಡನೆಯವು ಜನರು ಜಾಗರೂಕರಾಗಿರಬೇಕೆಂದು ಹೇಳುತ್ತವೆ. ಗುಡ್ಡದ ಬುಡದಲ್ಲಿ ಮನೆ ಮಾಡಿಕೊಂಡಿರುವ ಒಂದು ಸಂಸಾರ ಕೇಳಬಹುದಾದ ಪ್ರಶ್ನೆಗಳಾದರೋ ಬೇರೆ. ಈ ರಾತ್ರಿ ಮನೆಯನ್ನು ಬಿಡಬೇಕೆ? ಬಿಟ್ಟರೆ ಎಲ್ಲಿಗೆ ಹೋಗಬೇಕು? ಬಿಡಿರೆಂದು ಹೇಳತಕ್ಕವರು ಯಾರು? ಮರಳಿ ಬರುವುದು ಯಾವಾಗ? ಈ ನಾಲ್ಕು ಪ್ರಶ್ನೆಗಳನ್ನು ಒರೆಗಲ್ಲಾಗಿಟ್ಟುಕೊಂಡು ಮೇಲ್ಕಂಡ ಬರಹಗಳನ್ನು ಪರೀಕ್ಷಿಸುವುದೂ, ಈ ಪರೀಕ್ಷೆಯಲ್ಲಿ ಚರಿತ್ರೆಯ ಅಧ್ಯಯನಕ್ಕಿರುವ ಪಾತ್ರವನ್ನು ಸೂಚಿಸುವುದೂ ಪ್ರಕೃತ ಲೇಖನದ ಉದ್ದೇಶ.

೧

ಮೊದಲು ಅಧಿಕೃತ ಬರಹಗಳನ್ನು ನೋಡೋಣ. ೨೦೦೫ರ ವಿಪತ್ತು ನಿರ್ವಹಣಾ ಕಾಯಿದೆಯ ಮೂಲಕ ಸ್ಥಾಪಿತವಾದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ೨೦೦೯ರಲ್ಲಿ ಭೂಕುಸಿತ ಹಾಗೂ ಹಿಮಕುಸಿತಗಳ ನಿರ್ವಹಣೆಗೆ ಮಾರ್ಗಸೂಚಿಯನ್ನು ಪ್ರಕಟಿಸಿತು. ೨೦೧೯ರಲ್ಲಿ ಅದೇ ಪ್ರಾಧಿಕಾರದಿಂದ ಇದೇ ವಿಷಯದಲ್ಲಿ ರಾಷ್ಟ್ರೀಯ ಕಾರ್ಯನೀತಿಯೊಂದು ಹೊರಬಂತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ೨೦೧೪ರಿಂದ ಕುಸಿತಕ್ಕೆ ಒಳಗಾಗಬಹುದಾದ ಇಳಿಜಾರುಗಳ ಭೂಪಟವನ್ನು ರಚಿಸುವ ಕಾರ್ಯವನ್ನು ಕೈಗೊಂಡಿತು. ಅದರ ಗಣನೆಯಂತೆ ದೇಶದ ನೆಲದಲ್ಲಿ ಸುಮಾರು ೪.೨ ಲಕ್ಷ ಚದರ ಕಿಲೋಮೀಟರು, ಎಂದರೆ ಶೇಕಡಾ ೧೨.೬ ಭಾಗ, ಈ ಅಪಾಯಕ್ಕೆ ಗುರಿಯಾದದ್ದು. ೨೦೨೩ರಲ್ಲಿ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ೧೯೯೮ರಿಂದ ೨೦೨೨ರವರೆಗಿನ ಸುಮಾರು ಎಂಬತ್ತು ಸಾವಿರ ಕುಸಿತಗಳನ್ನಾಧರಿಸಿ ಅಟ್ಲಾಸೊಂದನ್ನು ಪ್ರಕಟಿಸಿತು.

ಈ ಪರಿಶ್ರಮವನ್ನು ಲಘುವಾಗಿ ಕಾಣಲಾಗದು. ಹಿಂದೆ ದೈವಕೋಪವೆಂದು ತಿಳಿಯಲಾಗುತ್ತಿದ್ದ ಘಟನೆಗಳಿಗೆ ಇಳಿಜಾರಿನ ಕೋನ, ಮಣ್ಣಿನ ಆಳ, ಶಿಲೆಯ ಸವೆತ, ಒಳನೀರಿನ ಒತ್ತಡ ಮುಂತಾದ ಕಾರಣಗಳುಂಟೆಂಬುದನ್ನು ಇವು ಸ್ಪಷ್ಟಪಡಿಸಿವೆ. ಆದರೆ ಭೂಪಟದಲ್ಲಿ ಕೆಂಪು ಬಣ್ಣ ಬಳಿದ ಪ್ರದೇಶವು ಒಂದು ಹೋಬಳಿಯಷ್ಟು ವಿಸ್ತಾರವಾಗಿರಬಹುದು. ಅದರೊಳಗೆ ನೂರಾರು ಮನೆಗಳಿರುತ್ತವೆ. ಕೆಂಪು ಬಣ್ಣದೊಳಗಿರುವ ಮನೆಯವನು ವರ್ಷದ ಮುನ್ನೂರರವತ್ತೈದು ದಿನವೂ ಅಲ್ಲಿಯೇ ಇರುವವನು. ಅವನಿಗೆ ತಿಳಿಯಬೇಕಾದದ್ದು ಯಾವ ದಿನ, ಎಷ್ಟು ಮಳೆ ಬಿದ್ದ ಮೇಲೆ, ಯಾವ ದಾರಿಯಾಗಿ ಹೊರಡಬೇಕೆಂಬುದು.

ಕರಪತ್ರಗಳಾದರೂ ಇದನ್ನು ತಿಳಿಸುತ್ತವೆಯೇ ಎಂದರೆ ಅವೂ ಸಾಮಾನ್ಯೋಕ್ತಿಗಳನ್ನು ಮೀರುವುದಿಲ್ಲ. ಕಡಿದಾದ ಇಳಿಜಾರಿನ ಅಂಚಿನಲ್ಲಿ ಮನೆ ಕಟ್ಟಬೇಡಿ, ಚರಂಡಿಯನ್ನು ಚೊಕ್ಕಟವಾಗಿಡಿ, ವಾಲಿದ ಮರ ಕಂಬಗಳನ್ನು ಗಮನಿಸಿ, ಮಳೆ ಹೆಚ್ಚಾದಾಗ ಎಚ್ಚರವಾಗಿರಿ ಎಂಬ ಮಾತುಗಳು ಅವುಗಳಲ್ಲಿ ಸಾಮಾನ್ಯ. ಇವೆಲ್ಲವೂ ಸತ್ಯವೇ. ಆದರೆ ಮಲೆನಾಡಿನಲ್ಲಿ ಮಳೆ ಹೆಚ್ಚಾಗದ ಆಷಾಢ ಯಾವುದು? ಅಳತೆಯಿಲ್ಲದ ಎಚ್ಚರಿಕೆಯು ನಾಲ್ಕು ದಿನಗಳಲ್ಲಿ ಅಭ್ಯಾಸವಾಗಿ ಹೋಗುತ್ತದೆ. ಸಮತಟ್ಟಾದ ಭೂಮಿ ಇಲ್ಲದವನಿಗೆ ಇಳಿಜಾರಿನಲ್ಲಿ ಕಟ್ಟಬೇಡವೆನ್ನುವುದೂ ಅರ್ಧ ಸಲಹೆಯೇ ಸರಿ.

ಇನ್ನು ಪಶ್ಚಿಮ ಘಟ್ಟಗಳ ವಿಷಯದಲ್ಲಿ ೨೦೧೧ರ ಗಾಡ್ಗೀಳ್ ಸಮಿತಿಯ ವರದಿಯ ಸುತ್ತಲೂ, ೨೦೧೩ರ ಕಸ್ತೂರಿರಂಗನ್ ಸಮಿತಿಯ ವರದಿಯ ಸುತ್ತಲೂ ನಡೆದ ವಾದವಿವಾದಗಳನ್ನು ವಾಚಕರು ಬಲ್ಲರು. ಭೂಮಿಯ ಬಳಕೆಯನ್ನು ಕುರಿತ ಆ ಚರ್ಚೆ ಅತ್ಯಾವಶ್ಯಕವಾದದ್ದು. ಆದರೆ ಅದು ಮುಂದಿನ ತಲೆಮಾರುಗಳ ಘಟ್ಟವನ್ನು ಕುರಿತದ್ದು. ಈ ಶ್ರಾವಣದ ಒಂದು ರಾತ್ರಿಯ ಪ್ರಶ್ನೆ ಅದರಲ್ಲಿ ಅಡಗಿಹೋಯಿತು.

೨

ಅಧಿಕೃತ ಬರಹಗಳ ಇನ್ನೊಂದು ಕೊರತೆ ಭಾಷೆಗೆ ಸಂಬಂಧಪಟ್ಟದ್ದು. ಮಲೆನಾಡಿನವರು ಮನೆಗೋ ರಸ್ತೆಗೋ ನೆಲವನ್ನು ಸಮಮಾಡುವಾಗ ಗುಡ್ಡವನ್ನು ಕಡಿದು ನಿಲ್ಲಿಸಿದ ಮಣ್ಣಿನ ಗೋಡೆಯನ್ನು ಧರೆ ಎನ್ನುತ್ತಾರೆ. ಕೊಡಗಿನ ಕನ್ನಡದಲ್ಲಿ ಬರೆ ಎಂಬ ಮಾತಿದೆ. ಧರೆ ಕುಸಿಯುವುದು ಒಂದು ಬಗೆ, ಗುಡ್ಡವೇ ಜರಿಯುವುದು ಮತ್ತೊಂದು ಬಗೆ. ನೀರು, ಕೆಸರು, ಬಂಡೆ, ಮರಗಳು ಒಟ್ಟಾಗಿ ಹಳ್ಳದ ದಾರಿಯಲ್ಲಿ ಉರುಳಿಬರುವುದಕ್ಕೆ ಮಲೆಯಾಳದಲ್ಲಿ ಉರುಳ್‌ಪೊಟ್ಟಲ್ ಎಂಬ ಪ್ರತ್ಯೇಕವಾದ ಹೆಸರೇ ಇದೆ. ಸರ್ಕಾರದ ಕನ್ನಡವು ಇವೆಲ್ಲವನ್ನೂ ಭೂಕುಸಿತವೆಂಬ ಒಂದೇ ಪದದೊಳಗೆ ಸೇರಿಸಿಬಿಟ್ಟಿದೆ.

ಇದು ಬರಿಯ ಪದಜಿಜ್ಞಾಸೆಯಲ್ಲ. ಧರೆಯ ಅಪಾಯವು ಮನೆಯ ಹಿಂಬದಿಯ ಕೆಲವು ಮೊಳಗಳಿಗೆ ಸೀಮಿತವಾದದ್ದು. ಧರೆಯ ನೆತ್ತಿಯಲ್ಲಿ ಮಳೆಯ ನೀರನ್ನು ಪಕ್ಕಕ್ಕೆ ತಿರುಗಿಸುವ ಕಾಲುವೆ, ನೀರು ಬಸಿದುಹೋಗಲು ಕಂಡಿಗಳನ್ನು ಬಿಟ್ಟ ತಡೆಗೋಡೆ, ಬಿರುಮಳೆಯ ರಾತ್ರಿಗಳಲ್ಲಿ ಹಿಂದಿನ ಕೋಣೆಯನ್ನು ಬಿಟ್ಟು ಮುಂದಿನ ಜಗುಲಿಯ ಕಡೆ ಮಲಗುವುದು, ಇವು ಒಂದು ಸಂಸಾರವೇ ಮಾಡಿಕೊಳ್ಳಬಹುದಾದ ಉಪಾಯಗಳು. ಹಳ್ಳದ ದಾರಿಯಲ್ಲಿ ಉರುಳಿಬರುವ ಕೆಸರುಪ್ರವಾಹಕ್ಕೆ ಇವು ಯಾವುವೂ ತಡೆಯಲ್ಲ. ಅಲ್ಲಿ ಹಳ್ಳದ ಪಾತ್ರದಿಂದ ಪಕ್ಕಕ್ಕೆ ಸರಿದು ಎತ್ತರದ ದಿಣ್ಣೆಗೆ ಮುಂಚಿತವಾಗಿ ಹೋಗಿಬಿಡುವುದೊಂದೇ ಮಾರ್ಗ; ಅದು ಇಡೀ ಕೇರಿಯು ಒಟ್ಟಾಗಿ ಮಾಡಬೇಕಾದ ಕೆಲಸ. ಜನರ ಮಾತಿನಲ್ಲಿದ್ದ ಈ ಭೇದವನ್ನು ಕರಪತ್ರವು ಅಳಿಸಿಹಾಕಿದಾಗ, ಧರೆಗೆ ಗೋಡೆ ಕಟ್ಟಿಸಿದವನು ಹಳ್ಳದಿಂದಲೂ ಸುರಕ್ಷಿತನೆಂದು ನಂಬಿಕೊಳ್ಳುವ ಸಂಭವವುಂಟು.

೩

ಮೇಲಿನ ನಾಲ್ಕು ಪ್ರಶ್ನೆಗಳಿಗೂ ಉತ್ತರ ದೊರೆತ ನಿದರ್ಶನ ಚರಿತ್ರೆಯಲ್ಲಿದೆಯೇ? ಹತ್ತೊಂಬತ್ತನೆಯ ಶತಮಾನದ ಗಢವಾಲದಲ್ಲಿ ಒಂದು ಇದೆ. ೧೮೯೩ರ ಸೆಪ್ಟೆಂಬರಿನಲ್ಲಿ ಅಲಕನಂದಾ ನದಿಯ ಉಪನದಿಯಾದ ಬಿರಹಿ ಗಂಗೆಯ ಕಣಿವೆಯಲ್ಲಿ, ಗೋಹ್ನಾ ಎಂಬ ಹಳ್ಳಿಯ ಬಳಿ ಬೆಟ್ಟದ ಮೈ ಕುಸಿದು ಸುಮಾರು ೯೦೦ ಅಡಿ ಎತ್ತರದ ಅಡ್ಡಗಟ್ಟೆಯಾಗಿ ನಿಂತಿತು. ಅದರ ಹಿಂದೆ ಸರೋವರ ತುಂಬತೊಡಗಿತು. ಸ್ಥಳವನ್ನು ಪರೀಕ್ಷಿಸಿದ ಇಂಜಿನಿಯರು ಪುಲ್‌ಫೋರ್ಡರು, ಮುಂದಿನ ವರ್ಷದ ಆಗಸ್ಟ್ ತಿಂಗಳ ಮಧ್ಯಭಾಗದ ಹೊತ್ತಿಗೆ ನೀರು ಕಟ್ಟೆಯನ್ನು ಮೀರುವುದೆಂದು ಲೆಕ್ಕ ಹಾಕಿದರು. ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಟಿ. ಎಚ್. ಹಾಲೆಂಡರು ಕುಸಿತದ ಸ್ವರೂಪವನ್ನು ಅಭ್ಯಸಿಸಿ ವರದಿ ಬರೆದರು.

ಅನಂತರ ಕೈಗೊಂಡ ಏರ್ಪಾಡುಗಳು ಗಮನಾರ್ಹವಾಗಿವೆ. ಸರೋವರದ ಬಳಿ ಅಧಿಕಾರಿಯೊಬ್ಬನನ್ನು ಕಾವಲಿಗೆ ನಿಲ್ಲಿಸಲಾಯಿತು. ಅಲ್ಲಿಂದ ಹರಿದ್ವಾರದವರೆಗೆ ತಂತಿಯನ್ನು ಎಳೆಯಲಾಯಿತು. ತೂಗುಸೇತುವೆಗಳನ್ನು ಬಿಚ್ಚಿಡಲಾಯಿತು. ಕಣಿವೆಯ ಉದ್ದಕ್ಕೂ, ಪ್ರವಾಹವು ಏರಬಹುದಾದ ಮಟ್ಟವನ್ನು ಮೀರಿದ ಎತ್ತರದಲ್ಲಿ ಗುರುತುಕಂಬಗಳನ್ನು ನೆಡಲಾಯಿತು. ಅದರಿಂದ ಮೇಲೆ ಹೋದವನು ಕ್ಷೇಮಿ, ಕೆಳಗೆ ಉಳಿದವನು ಅಪಾಯದಲ್ಲಿದ್ದಾನೆಂದು ಓದುಬರಹ ಬಾರದವನಿಗೂ ತಿಳಿಯುವಂತಾಯಿತು. ೧೮೯೪ರ ಆಗಸ್ಟ್ ೨೫ರಂದು ನೀರು ಕಟ್ಟೆಯನ್ನು ಮೀರಿ ಹರಿಯಿತು. ಅದೇ ದಿನ ನಡುರಾತ್ರಿಯ ಸುಮಾರಿಗೆ ಕಟ್ಟೆ ಒಡೆದು ಸರೋವರದ ಮಟ್ಟ ಸುಮಾರು ೩೯೦ ಅಡಿ ಇಳಿಯಿತು. ಗಢವಾಲದ ಶ್ರೀನಗರ ಪಟ್ಟಣ ಕೊಚ್ಚಿಹೋಯಿತು. ಆದರೆ ಪ್ರಾಣ ಕಳೆದುಕೊಂಡವರು ಐವರು ಮಾತ್ರ: ಸ್ಥಳದಿಂದ ಸಾಗಿಸಲ್ಪಟ್ಟ ಮೇಲೂ ಮರಳಿ ಅಲ್ಲಿಗೇ ಬಂದಿದ್ದ ಒಬ್ಬ ಫಕೀರ ಮತ್ತು ಅವನ ಮನೆಯವರು.

ಈ ವೃತ್ತಾಂತವನ್ನು ಇಂಜಿನಿಯರಿಂಗ್ ವಿದ್ಯೆಯ ವಿಜಯವಾಗಿ ವರ್ಣಿಸುವ ಪದ್ಧತಿ ಇದೆ. ವಿಮರ್ಶಕನು ಇಲ್ಲಿ ಎರಡು ಆಕ್ಷೇಪಗಳನ್ನು ಎತ್ತಬೇಕಾಗುತ್ತದೆ. ಮೊದಲನೆಯದಾಗಿ, ಗೋಹ್ನಾದಲ್ಲಿ ಅಪಾಯವು ಕಣ್ಣಿಗೆ ಕಾಣುವಂತಿತ್ತು. ಸಿದ್ಧತೆಗೆ ಸುಮಾರು ಒಂದು ವರ್ಷದ ಕಾಲಾವಕಾಶವಿತ್ತು. ಮಳೆಗಾಲದ ಕುಸಿತವು ಇಷ್ಟು ಅವಧಿ ಕೊಡುವುದಿಲ್ಲ. ಎರಡನೆಯದಾಗಿ, ಈ ವೃತ್ತಾಂತವನ್ನು ಬರೆದಿಟ್ಟವರು ಏರ್ಪಾಡು ಮಾಡಿದ ಆಳರಸರ ಅಧಿಕಾರಿಗಳೇ. ಮನೆಮಠಗಳನ್ನು ಕಳೆದುಕೊಂಡ ಶ್ರೀನಗರದವರ ಮಾತು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಫಕೀರನ ಮನೆಯವರ ಮರಣವನ್ನು ಅವಿಧೇಯತೆಯ ಫಲವೆಂಬಂತೆ ಒಂದೆರಡು ವಾಕ್ಯಗಳಲ್ಲಿ ಮುಗಿಸಲಾಗುತ್ತದೆ. ತನ್ನ ನೆಲೆಗೆ ಹಿಂದಿರುಗುವ ಹಂಬಲ ಮನುಷ್ಯಸ್ವಭಾವಕ್ಕೆ ಸಹಜವಾದದ್ದು. ಅದನ್ನು ಹಠವೆಂದು ಹಳಿಯುವುದಕ್ಕಿಂತ, ಹಟ್ಟಿಯ ದನಕರುಗಳನ್ನು ಯಾರು ನೋಡಿಕೊಳ್ಳುವರು, ಬೀಗ ಹಾಕಿದ ಮನೆಗೆ ಕಾವಲು ಯಾರದು ಎಂಬುದನ್ನು ಮೊದಲೇ ಗೊತ್ತುಮಾಡುವುದು ವಿವೇಕ.

ಈ ಆಕ್ಷೇಪಗಳನ್ನು ಒಪ್ಪಿಕೊಂಡ ಮೇಲೂ ಗೋಹ್ನಾದ ಸಾರ ಉಳಿಯುತ್ತದೆ. ಯಾವಾಗ ಎಂಬುದಕ್ಕೆ ನೀರಿನ ಮಟ್ಟ, ಎಲ್ಲಿಗೆ ಎಂಬುದಕ್ಕೆ ಗುರುತುಕಂಬ, ಯಾರು ಎಂಬುದಕ್ಕೆ ಸ್ಥಳದಲ್ಲೇ ನಿಂತ ಕಾವಲಿನವನು ಮತ್ತು ತಂತಿ, ಹೀಗೆ ಮೂರು ಪ್ರಶ್ನೆಗಳಿಗೆ ಅಲ್ಲಿ ಪ್ರತ್ಯಕ್ಷವಾದ ಉತ್ತರವಿತ್ತು. ನಾಲ್ಕನೆಯ ಪ್ರಶ್ನೆಯಾದ ಮರಳುವಿಕೆಗೆ ದೃಢವಾದ ಕಟ್ಟುಪಾಡಿಲ್ಲದಿದ್ದ ಕಡೆಯಲ್ಲಿಯೇ ಜೀವಹಾನಿಯಾಯಿತು.

ಮರಳುವಿಕೆಯ ಅಪಾಯಕ್ಕೆ ಇದಕ್ಕಿಂತ ಹಿಂದಿನ ಸಾಕ್ಷ್ಯ ನೈನಿತಾಲಿನದು. ೧೮೮೦ರ ಸೆಪ್ಟೆಂಬರ್ ೧೮ರಂದು ಅಲ್ಲಿ ಬೆಳಗ್ಗೆ ಸಣ್ಣ ಕುಸಿತವೊಂದಾಗಿ ಕೆಲವರು ಮಣ್ಣಿನಡಿ ಸಿಕ್ಕಿಬಿದ್ದರು. ಅವರನ್ನು ಹೊರತೆಗೆಯಲು ಸಿಪಾಯಿಗಳೂ ನಾಗರಿಕರೂ ನೆರೆದು ಕೆಲಸದಲ್ಲಿ ತೊಡಗಿದ್ದಾಗ ಮಧ್ಯಾಹ್ನ ಮತ್ತೂ ದೊಡ್ಡ ಕುಸಿತವಾಯಿತು. ಒಟ್ಟು ೧೫೧ ಮಂದಿ ಸತ್ತರು. ಅವರಲ್ಲಿ ನೆರವಿಗೆ ಬಂದವರು ಅನೇಕರು. ಆ ಅನಾಹುತದ ತರುವಾಯ ಅಲ್ಲಿನ ಬೆಟ್ಟದ ಮೈಮೇಲೆ ನೀರನ್ನು ಹೊರಸಾಗಿಸುವ ಕಾಲುವೆಗಳ ಜಾಲವನ್ನು ಕಟ್ಟಲಾಯಿತು. ಒಂದು ಸಲ ಜರಿದ ಇಳಿಜಾರು ಮತ್ತೆ ಜರಿಯಬಹುದೆಂಬ ಈ ಪಾಠವು ನೆರೆಹೊರೆಯವರೇ ಮೊದಲ ರಕ್ಷಕರಾಗುವ ನಮ್ಮ ಹಳ್ಳಿಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ.

೪

ಹಿಮಾಲಯದ ನಿದರ್ಶನಗಳನ್ನು ಹಿನ್ನೆಲೆಯಾಗಿಟ್ಟುಕೊಂಡು ಈಗ ನಮ್ಮ ಘಟ್ಟಗಳ ಈಚಿನ ಘಟನೆಗಳಿಗೆ ಬರೋಣ. ೨೦೨೦ರ ಆಗಸ್ಟ್ ೬ರ ರಾತ್ರಿ ಕೇರಳದ ಇಡುಕ್ಕಿ ಜಿಲ್ಲೆಯ ಪೆಟ್ಟಿಮುಡಿಯಲ್ಲಿ ಚಹಾ ತೋಟದ ಕೂಲಿಗಾರರ ಸಾಲುಮನೆಗಳ ಮೇಲೆ ಬೆಟ್ಟ ಜರಿದು ೭೦ ಜನ ಮಡಿದರು. ವಿದ್ಯುತ್ತೂ ದೂರವಾಣಿಯೂ ಕೆಟ್ಟುಹೋಗಿದ್ದುದರಿಂದ ಸುದ್ದಿ ಹೊರಜಗತ್ತಿಗೆ ಮುಟ್ಟಿದ್ದು ಮರುದಿನ ಬೆಳಗ್ಗೆ. ೧೮೯೪ರಲ್ಲಿ ಬಿರಹಿ ಗಂಗೆಯ ಕಣಿವೆಯಿಂದ ತಂತಿಯ ಮೂಲಕ ಸಾಗಿದ ವಾರ್ತೆಯು ೨೦೨೦ರಲ್ಲಿ ಒಂದು ಚಹಾ ತೋಟದಿಂದ ಸಾಗಲಿಲ್ಲವೆಂಬುದು ವಿಚಾರಣೀಯ. ಉಪಕರಣಗಳು ಇದ್ದವು, ಅವು ಮಳೆಯಲ್ಲಿ ಕೆಟ್ಟಾಗ ಮಾಡತಕ್ಕದ್ದೇನೆಂಬ ಏರ್ಪಾಡು ಇರಲಿಲ್ಲ.

ವಯನಾಡಿನ ಮುಂಡಕ್ಕೈ ಪ್ರದೇಶದ ಚರಿತ್ರೆ ಇನ್ನೂ ಬೋಧಪ್ರದವಾದದ್ದು. ೧೯೮೪ರಲ್ಲಿ ಅಲ್ಲಿ ಬೆಟ್ಟ ಕುಸಿದು ೧೪ ಮಂದಿ ಸತ್ತಿದ್ದರು. ೨೦೧೯ರ ಆಗಸ್ಟ್ ೮ರಂದು ಅದರ ಸಮೀಪದ ಪುತ್ತುಮಲೆಯಲ್ಲಿ ೧೭ ಜನ ತೀರಿಕೊಂಡರು. ೨೦೨೪ರ ಜುಲೈ ೩೦ರ ಬೆಳಗಿನ ಜಾವ, ಎರಡು ದಿನಗಳಲ್ಲಿ ೫೦೦ ಮಿಲಿಮೀಟರಿಗೂ ಮಿಕ್ಕ ಮಳೆಯಾದ ಮೇಲೆ, ಪುಂಚಿರಿಮಟ್ಟದ ಮೇಲಿನಿಂದ ಹೊರಟ ಕೆಸರುಪ್ರವಾಹವು ಸುಮಾರು ೮ ಕಿಲೋಮೀಟರು ಹರಿದು ಮುಂಡಕ್ಕೈ, ಚೂರಲ್‌ಮಲೆಗಳನ್ನು ಹಾಳುಗೆಡವಿತು. ಇನ್ನೂರೈವತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕೂಲಿಗೆಂದು ಹೋಗಿ ನೆಲಸಿದ್ದ ಕನ್ನಡಿಗರೂ ಅವರಲ್ಲಿದ್ದರು. ಇಲ್ಲಿಯೂ ಕುಸಿತವು ಒಂದೇ ಸಲಕ್ಕೆ ಮುಗಿಯಲಿಲ್ಲ. ಕೆಲವು ಗಂಟೆಗಳ ಅಂತರದಲ್ಲಿ ಎರಡನೆಯದು ಬಂದೆರಗಿತು.

ಈ ಜಿಲ್ಲೆಯಲ್ಲಿ ಕಲ್ಪೆಟ್ಟದ ಹ್ಯೂಮ್ ಕೇಂದ್ರವೆಂಬ ಪರಿಸರ ಸಂಸ್ಥೆಯು ಊರೂರುಗಳಲ್ಲಿ ಮಳೆಮಾಪಕಗಳನ್ನಿಟ್ಟು ನಿತ್ಯದ ಅಳತೆಯನ್ನು ಸಂಗ್ರಹಿಸುತ್ತ ಬಂದಿತ್ತು. ಪತ್ರಿಕೆಗಳ ವರದಿಯಂತೆ, ೨೦೨೪ರ ದುರಂತಕ್ಕೆ ಹದಿನಾರು ಗಂಟೆಗಳಷ್ಟು ಮುಂಚೆಯೇ ಅದು ಜಿಲ್ಲಾಡಳಿತಕ್ಕೆ ಅಪಾಯವನ್ನು ಸೂಚಿಸಿತ್ತು. ಹಾಗಾದರೆ ಅಳತೆ ಇತ್ತು, ಮುನ್ಸೂಚನೆ ಇತ್ತು. ಒಂದು ಸಂಖ್ಯೆಯನ್ನು ಮುಟ್ಟಿದೊಡನೆ ಇಂಥ ಕೇರಿ ಇಂಥ ಎತ್ತರಕ್ಕೆ ಹೊರಡತಕ್ಕದ್ದೆಂಬ, ಎಲ್ಲರೂ ಮೊದಲೇ ಒಪ್ಪಿದ ನಿಯಮ ಮಾತ್ರ ಇರಲಿಲ್ಲ. ಅದೇ ಜುಲೈ ತಿಂಗಳಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರವನ್ನು ತೆರೆದದ್ದು ಸ್ವಾಗತಾರ್ಹ. ಆದರೆ ಕೇಂದ್ರದಿಂದ ಜಿಲ್ಲೆಯ ಕಚೇರಿಗೆ ಬಂದ ಸೂಚನೆಯು ಅಲ್ಲಿಂದ ಕೊನೆಯ ಮನೆಯ ಜಗುಲಿಗೆ ತಲಪುವ ದಾರಿಯನ್ನು ಆಯಾ ಊರೇ ಹಾಕಿಕೊಳ್ಳಬೇಕಾಗಿದೆ.

ಕರ್ನಾಟಕದ ಮಟ್ಟಿಗೆ ಎರಡು ಘಟನೆಗಳನ್ನು ಸ್ಮರಿಸಿದರೆ ಸಾಕು. ೨೦೧೮ರ ಆಗಸ್ಟ್ ಮಧ್ಯಭಾಗದಲ್ಲಿ ಕೊಡಗಿನ ಮಕ್ಕಂದೂರು, ಮದೆನಾಡು, ಜೋಡುಪಾಲ ಮುಂತಾದೆಡೆಗಳಲ್ಲಿ ಗುಡ್ಡಗಳು ಜರಿದವು. ಮನೆ, ರಸ್ತೆಗಳಿಗಾಗಿ ಇಳಿಜಾರನ್ನು ಕಡಿದು ಮಾರ್ಪಡಿಸಿದ್ದು ಮುಖ್ಯ ಕಾರಣಗಳಲ್ಲೊಂದೆಂದು ಭೂವಿಜ್ಞಾನಿಗಳು ಅಭಿಪ್ರಾಯಪಟ್ಟರು. ೨೦೨೪ರ ಜುಲೈ ೧೬ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿಯ ಪಕ್ಕದ ಗುಡ್ಡವು ರಸ್ತೆಯನ್ನೂ ಅಲ್ಲಿದ್ದ ಅಂಗಡಿಯನ್ನೂ ಸೆಳೆದುಕೊಂಡು ಗಂಗಾವಳಿ ನದಿಗೆ ಬಿತ್ತು. ಮಣ್ಣು ಬಿದ್ದ ರಭಸಕ್ಕೆ ಉಕ್ಕಿದ ನೀರು ಎದುರು ದಡದ ಉಳುವರೆ ಗ್ರಾಮದ ಮನೆಗಳಿಗೆ ಅಪ್ಪಳಿಸಿ ಅಲ್ಲಿಯೂ ಹಾನಿಯನ್ನುಂಟುಮಾಡಿತು. ಯಾವ ಭೂಪಟದ ಬಣ್ಣವನ್ನು ನೋಡಿದರೂ ಉಳುವರೆಯವರು ತಮ್ಮನ್ನು ಗುಡ್ಡದ ಬುಡದವರೆಂದು ಎಣಿಸಿಕೊಳ್ಳುತ್ತಿರಲಿಲ್ಲ. ಗೋಹ್ನಾದಲ್ಲಿಯಂತೆ ಇಲ್ಲಿಯೂ ಗುಡ್ಡ ಮತ್ತು ನದಿ ಕೂಡಿ ಕೆಲಸ ಮಾಡಿದವು.

೫

ಇಷ್ಟರಿಂದ ನಾಲ್ಕು ಪ್ರಶ್ನೆಗಳಿಗೆ ಎಂಥ ಉತ್ತರಗಳನ್ನು ನಾವು ಅಪೇಕ್ಷಿಸಬಹುದೆಂಬುದು ವಿದಿತವಾಗುತ್ತದೆ.

ಯಾವಾಗ ಎಂಬುದಕ್ಕೆ ಎರಡು ಬಗೆಯ ಸೂಚನೆಗಳಿವೆ. ಒಂದು ಮಳೆಯ ಅಳತೆ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಇಂಚು, ಸೆಂಟುಗಳ ಲೆಕ್ಕದಲ್ಲಿ ಬರೆದಿಡುವ ವಾಡಿಕೆ ಬಹುಕಾಲದ್ದು. ತೋಟದ ಕೆಲಸಕ್ಕೆಂದು ಇಟ್ಟ ಆ ಮಾಪಕವು ಕೆಳಗಿನ ಲೈನ್ ಮನೆಗಳ ಕಾವಲಾಗಬಲ್ಲದು. ಎಷ್ಟು ದಿನಗಳ ಒಟ್ಟು ಮಳೆ ಯಾವ ಮಟ್ಟವನ್ನು ಮುಟ್ಟಿದಾಗ ಹೊರಡಬೇಕೆಂಬುದನ್ನು ಆಯಾ ಸ್ಥಳದ ಮಣ್ಣನ್ನು ಬಲ್ಲ ಭೂವಿಜ್ಞಾನಿ ನಿರ್ಣಯಿಸಬೇಕು. ನಿರ್ಣಯಿಸಿದ ಮೇಲೆ ಆ ಸಂಖ್ಯೆ ಮಕ್ಕಳಿಗೂ ಬಾಯಿಪಾಠವಾಗಿರಬೇಕು. ಎರಡನೆಯದು ನೆಲದ ಚಿಹ್ನೆಗಳು: ಅಂಗಳದಲ್ಲಾಗಲಿ ಗುಡ್ಡದ ನೆತ್ತಿಯಲ್ಲಾಗಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ಒರತೆಯಿಲ್ಲದ ಕಡೆ ಒರತೆ, ತಿಳಿಯಾಗಿದ್ದ ಹಳ್ಳ ರಾಡಿಯಾಗುವುದು, ಸುರಿಯುವ ಮಳೆಯಲ್ಲೂ ಹಳ್ಳದ ನೀರು ಫಕ್ಕನೆ ಇಳಿಯುವುದು. ಕೊನೆಯದು ಅತ್ಯಂತ ಭಯಾವಹವಾದದ್ದು. ಮೇಲೆ ಎಲ್ಲಿಯೋ ಕಟ್ಟೆ ಕಟ್ಟಿದೆಯೆಂಬುದು ಅದರ ಅರ್ಥವಾಗಿರಬಹುದು. ಇವುಗಳಲ್ಲಿ ಯಾವುದು ಕಂಡರೂ ಮಳೆಯ ಅಳತೆಗೆ ಕಾಯದೆ ಹೊರಡಬೇಕು. ಕತ್ತಲಾಗುವುದಕ್ಕೆ ಮುಂಚೆ ಹೊರಡುವುದು ಶ್ರೇಯಸ್ಕರ.

ಎಲ್ಲಿಗೆ ಎಂಬುದು ಗೋಹ್ನಾದ ಗುರುತುಕಂಬದಂತೆ ಕಣ್ಣಿಗೆ ಕಾಣಬೇಕು. ಹಳ್ಳವನ್ನು ದಾಟದೆ, ಧರೆಯ ಬುಡದಲ್ಲಿ ಹಾಯದೆ ಹೋಗಬಹುದಾದ ದಾರಿಯನ್ನು ಬೇಸಗೆಯಲ್ಲಿಯೇ ನಡೆದು ನೋಡಿರಬೇಕು. ಆಶ್ರಯಕ್ಕೆಂದು ಗೊತ್ತುಮಾಡಿದ ಶಾಲೆಯೇ ಹಳ್ಳದ ದಂಡೆಯಲ್ಲಿದ್ದರೆ ಆ ಏರ್ಪಾಡು ವ್ಯರ್ಥ. ಯಾರು ಎಂಬುದಕ್ಕೆ ಕೇರಿಗೆ ಇಬ್ಬರ ಹೆಸರು ಗೊತ್ತಾಗಿರಬೇಕು. ದೂರವಾಣಿ ಕೆಟ್ಟಾಗ ಬಾರಿಸಲು ಗಂಟೆಯೋ ಜಾಗಟೆಯೋ ಇರಬೇಕು. ಮುದುಕರು, ಹಾಸಿಗೆ ಹಿಡಿದವರು, ಬಾಣಂತಿಯರು ಯಾವ ಮನೆಯಲ್ಲಿದ್ದಾರೆಂಬ ಪಟ್ಟಿ ಇರಬೇಕು. ಹೊರಗಿನಿಂದ ಕೂಲಿಗೆ ಬಂದವರಿಗೆ ಆ ಗುಡ್ಡದ ಹಿಂದಿನ ಕಥೆ ತಿಳಿದಿರುವುದಿಲ್ಲ. ಅವರಿಗೆ ತಿಳಿಸುವ ಹೊಣೆ ಕೆಲಸ ಕೊಟ್ಟವರದು. ಮರಳುವುದಕ್ಕೆ ಮಳೆ ನಿಂತಿತೆಂಬುದೊಂದೇ ಆಧಾರವಾಗಬಾರದು. ನೆನೆದ ಗುಡ್ಡ ಬಿಸಿಲಿನಲ್ಲಿಯೂ ಜರಿಯಬಹುದಾದ್ದರಿಂದ, ಬಲ್ಲವರು ಬಂದು ನೋಡಿ ಹೇಳುವವರೆಗೆ ತಾಳಬೇಕು.

ಇಲ್ಲಿ ಒಂದು ಶಂಕೆಗೆ ಸಮಾಧಾನ ಹೇಳುವುದು ಅಗತ್ಯ. ಮನೆಗಳ ಸಿದ್ಧತೆಯನ್ನು ಹೀಗೆ ಎತ್ತಿ ಹೇಳಿದರೆ, ಗುಡ್ಡವನ್ನು ಕಡಿದವರ ಮತ್ತು ಕಡಿಯಲು ಅನುಮತಿ ಕೊಟ್ಟವರ ಹೊಣೆಯು ಬಡವನ ಹೆಗಲಿಗೆ ವರ್ಗವಾಗುವುದಿಲ್ಲವೇ? ಈ ಶಂಕೆ ನ್ಯಾಯವಾದದ್ದೇ. ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಂಡ ಊರು, ಹೊಸ ರಸ್ತೆಯ ಧರೆ ತನ್ನ ಹಿತ್ತಿಲಿನ ಮೇಲೆ ಎದ್ದು ನಿಂತಾಗ ಅದನ್ನು ಕುರಿತು ಲಿಖಿತವಾಗಿ ಕೇಳಬಲ್ಲ ಊರೂ ಆಗುತ್ತದೆಂಬುದು ನಮ್ಮ ನಂಬಿಕೆ. ಆದರೆ ಧರೆಯ ಬುಡದಲ್ಲಲ್ಲದೆ ಬೇರೆ ನಿವೇಶನವೇ ದೊರೆಯದವನಿಗೆ ನೆಲ ಒದಗಿಸುವ ಕರ್ತವ್ಯವನ್ನು ಯಾವ ಕರಪತ್ರವೂ ತೀರಿಸಲಾರದು. ಅದು ಸರ್ಕಾರದ್ದು.

ಕಡೆಯದಾಗಿ, ಚರಿತ್ರೆಯ ವಿಭಾಗಗಳು ಮಾಡಬಹುದಾದ ಕೆಲಸವನ್ನು ಸೂಚಿಸಿ ಈ ಪರಾಮರ್ಶೆಯನ್ನು ಮುಗಿಸಬಹುದು. ಅಟ್ಲಾಸಿನ ಸಂಗ್ರಹ ೧೯೯೮ರಿಂದ ಆರಂಭವಾಗುತ್ತದೆ. ಮುಂಡಕ್ಕೈಯ ೧೯೮೪ ಅದರಿಂದ ಹೊರಗೆ ಉಳಿಯುತ್ತದೆ. ಅದಕ್ಕೂ ಹಿಂದಿನ ಕುಸಿತಗಳ ಸುಳಿವು ತೋಟಗಳ ಮಳೆಯ ಪುಸ್ತಕಗಳಲ್ಲಿ, ಕಂದಾಯ ಕಚೇರಿಯ ಪರಿಹಾರದ ಕಡತಗಳಲ್ಲಿ, ಲೋಕೋಪಯೋಗಿ ಇಲಾಖೆಯ ರಸ್ತೆ ದುರಸ್ತಿಯ ಲೆಕ್ಕಗಳಲ್ಲಿ, ಹಳೆಯ ಪತ್ರಿಕೆಗಳಲ್ಲಿ, ವೃದ್ಧರ ನೆನಪಿನಲ್ಲಿ, ಗದ್ದೆ ಗುಡ್ಡಗಳ ಹೆಸರುಗಳಲ್ಲಿ ಇರುವುದು ಸಂಭವ. ತಾಲ್ಲೂಕಿಗೊಂದರಂತೆ ಕುಸಿತಗಳ ದಾಖಲೆ ಪುಸ್ತಕವನ್ನು ನಮ್ಮ ವಿದ್ಯಾರ್ಥಿಗಳು ಸಿದ್ಧಪಡಿಸಬಲ್ಲರು. ಯಾವ ದಿನ, ಎಷ್ಟು ದಿನಗಳ ಮಳೆಯ ಮೇಲೆ, ಯಾವ ಇಳಿಜಾರು ಜರಿಯಿತು, ಮುಂಚೆ ಯಾವ ಚಿಹ್ನೆ ಕಂಡಿತ್ತು, ಯಾರು ಹೊರಟರು, ಯಾರು ಉಳಿದರು ಎಂಬ ಅಂಕಣಗಳು ಅದರಲ್ಲಿರಬೇಕು. ಜೀವಹಾನಿಯಾಗದ ಕುಸಿತಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳಬೇಕು. ಜನರು ಉಳಿದುಕೊಂಡದ್ದು ಹೇಗೆಂಬುದನ್ನು ಗೋಹ್ನಾದಂಥ ಕೆಲವು ಪ್ರಸಂಗಗಳಲ್ಲದೆ ನಮ್ಮ ಬರಹಗಳು ಇದುವರೆಗೆ ವಿಚಾರಿಸಿದ್ದು ಅಪರೂಪ. ಅಂಥ ಪುಸ್ತಕವೊಂದು ಗ್ರಾಮ ಪಂಚಾಯಿತಿಯ ಮೇಜಿನ ಮೇಲಿದ್ದರೆ, ಮುಂದಿನ ಮಳೆಗಾಲದ ಕರಪತ್ರವನ್ನು ಬರೆಯುವವರು ಆ ಊರಿನ ಗುಡ್ಡ, ಹಳ್ಳ, ಎತ್ತರದ ದಿಣ್ಣೆಗಳ ಹೆಸರು ಹಿಡಿದೇ ಬರೆಯಲು ಸಾಧ್ಯವಾದೀತು.